ಮೊದಲ ಗಾಳಿ ಬೀಗತಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ಮನೆಯವರು ಮುಂಬೈಯ ಅರ್ಧ ಕುರ್ಲಾಕ್ಕೆ ಹೇಳಿಕೊಂಡು ಬಂದಿದ್ದಾರೆ. ಹೇಳಲಿ ಬಿಡಿ. ಸಾಂತಾಕ್ರೂಜಿನಲ್ಲಿ ಆ ದಿನ ನನ್ನ ಬೀಗತಿ ಆಡಿದ ಮಾತು ಕೇಳಿದ್ದರೆ ನಿಮಗೂ ಬರುತ್ತಿತ್ತು.

ನನ್ನ ಒಬ್ಬಳೇ ಮಗಳು ಹಲೀಮಾ, ಚೊಚ್ಚಲ ಬಸುರಿ, ಏಳನೆಯ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮ ಇಂಡಿ ಕಡೆ ಇದನ್ನು ಯಾರೂ ಯಾರನ್ನೂ ಕೇಳುವುದೇ ಇಲ್ಲ, ಗಾಡಿ ಕಟ್ಟಿಕೊಂಡು ಹೋಗಿ ಕರೆದುಕೊಂಡು ಬರುತ್ತಾರೆ. ನಾನೂ ಹಸಿರು ಸೀರೆ, ಬಳೆ, ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಲೋಕಲ್ ಹತ್ತಿದ್ದೆ. ಬರುವಾಗ ಮಗಳ ಕೈ ಹಿಡಿದುಕೊಂಡೇ ಬರುವುದು ಎಂದುಕೊಂಡಿದ್ದೆ.

ಬೀಗತಿ ನೂರಜಹಾನ ಪಕ್ಕಾ ಬಿಲ್ಡಿಂಗಿನ ಎರಡನೆಯ ಮಾಳಿಗೆಯಲ್ಲಿ, ಫ್ಯಾನಿನ ನೇರ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಗಂಡ ತೀರಿಕೊಂಡು ಎರಡು ವರ್ಷ. ಮಗ ನಿಜಾಮುದ್ದೀನ, ಅಂದರೆ ನನ್ನ ಅಳಿಯ, ವಿಮಾನ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಒಂದು ವಾರ ಹಗಲು ಡ್ಯೂಟಿ, ಒಂದು ವಾರ ರಾತ್ರಿ ಡ್ಯೂಟಿ. ನಾವು ಮಾತಾಡುವಷ್ಟು ಹೊತ್ತಿನಲ್ಲಿ ಆಕೆ ಹಲೀಮಾಳನ್ನು ಎಷ್ಟು ಸಲ ಕರೆದಳೋ! ನೀರು ತಾ, ಆ ಬಾಗಿಲ ಸರಿಸು, ಎಲ್ಲಿ ಹೋದಿ, ಇಲ್ಲೇ ಕುಂಡ್ರು. ಬಸುರಿ ಹುಡುಗಿಯನ್ನು ಹೀಗೆ ಕುಣಿಸುವುದೇ!

"ಬೀಗತೇರ, ನಿಮ್ಮ ಮನಿ ಮ್ಯಾಲ ತಗಡಿನ ಪತ್ರಾ" ಎಂದಳು. "ಮೇ ತಿಂಗಳದಾಗ ಪತ್ರಾದ ಕೆಳಗ ಬಸರಿನ್ನ ಕುಂಡ್ರಿಸಿದ್ರ ಕೂಸು ಹೊಟ್ಟ್ಯಾಗಽ ಬೇಯ್ತೈತಿ. ಇಲ್ಲಿ ಫ್ಯಾನ್ ಐತಿ. ಹುಡುಗಿ ಇಲ್ಲೇ ಇರ್ಲಿ."

"ನಮ್ಮ ಮನ್ಯಾಗೂ ಫ್ಯಾನ್ ಬರ್ತೈತಿ" ಎಂದುಬಿಟ್ಟೆ. ಅಲ್ಲಾಹ್! ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ನೂರಜಹಾನ ನನ್ನನ್ನೇ ನೋಡಿದಳು. "ಬರ್ಲಿ. ಬಂದ ಮ್ಯಾಲ ನಾನಽ ಬಂದು ನೋಡ್ತೀನಿ. ಗಾಳಿ ಚಲೋ ಬಂತಂದ್ರ ಹುಡುಗಿನ್ನ ಅಲ್ಲೇ ಬಿಟ್ಟು ಬರ್ತೀನಿ. ಇಲ್ಲಂದ್ರ ಬಾಣಂತನ ಇಲ್ಲೇ."

ಹಲೀಮಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ಡಬ್ಬಿ ತೊಳೆದು ವಾಪಸು ಕೈಗೆ ಕೊಟ್ಟಳು.

ವಾಪಸು ಬರುವಾಗ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ನಾನು ತಲೆ ಮೇಲೆತ್ತಿಕೊಂಡೇ ಕೂತಿದ್ದೆ. ಹದಿನೆಂಟು ವರ್ಷದಿಂದ ಇದೇ ಲೋಕಲಿನಲ್ಲಿ ಓಡಾಡಿದ್ದೇನೆ, ಅದರ ಫ್ಯಾನುಗಳನ್ನು ಕಣ್ಣಿಟ್ಟು ನೋಡಿದ್ದು ಅವತ್ತೇ. ಯಾವುದಕ್ಕೆ ಎಷ್ಟು ರೆಕ್ಕೆ, ಯಾವುದು ತಿರುಗುತ್ತದೆ, ಯಾವುದು ಬರೀ ಗುರ್ರೆನ್ನುತ್ತದೆ, ಎಲ್ಲ ನೋಡಿದೆ. ದಾದರದಲ್ಲಿ ಇಳಿದು ಗಾಡಿ ಬದಲಿಸುವುದು ಮರೆತು ಮುಂದೆ ಹೋಗಿಬಿಡುತ್ತಿದ್ದೆ. ಬೀಗತಿಯ ಮಾತಿನ ಸಿಟ್ಟು ಕುರ್ಲಾ ಬರುವಷ್ಟರಲ್ಲಿ ಹುರುಪಾಗಿ ತಿರುಗಿತ್ತು. ನಮ್ಮ ಮನೆಗೆ ಫ್ಯಾನು! ಮೆಟ್ಟಿಲು ಹತ್ತುವಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ.

ನಮ್ಮ ಮನೆಯೆಂದರೆ ಸಾಲು ಕೋಣೆಗಳ ಚಾಳಿನ ಮೇಲಿನ ಮಜಲಿನ ಒಂದೇ ಖೋಲಿ. ಮೇಲೆ ತಗಡಿನ ಪತ್ರಾ, ಅದರ ಕೆಳಗೆ ಒಂದು ಅಟ್ಟ. ನಾವು ಪಿಂಜಾರರು. ನಮ್ಮ ಮನೆಯವರು ಅಮೀರಸಾಬ ಬಿಲ್ಲು ಹೆಗಲಿಗೆ ಹಾಕಿಕೊಂಡು ಗಲ್ಲಿ ಗಲ್ಲಿ ತಿರುಗಿ ಹತ್ತಿ ಹಿಂಜುತ್ತಾರೆ, ಗಾದಿ ಹೊಲಿಯುತ್ತಾರೆ. ಹೊರಗೆ ಮುಗಿಯದ ಕೆಲಸ ಮನೆಗೆ ಬರುತ್ತದೆ. ಹತ್ತಿಯಿರುವ ಮನೆಗೆ ಗಾಳಿ ಆಗಿಬರುವುದಿಲ್ಲ. ಬಿಲ್ಲು ಮುಟ್ಟುವ ಮೊದಲು ಪಿಂಜಾರರು ಮಾಡುವ ಕೆಲಸ ಒಂದೇ, ಹೋಗಿ ಕಿಟಕಿ ಮುಚ್ಚುವುದು. ನಾನು ಹುಟ್ಟಿದ ಮನೆಯಲ್ಲೂ ಹೀಗೇ, ಸೇರಿದ ಮನೆಯಲ್ಲೂ ಹೀಗೇ. ನೂರಜಹಾನ ಹುಟ್ಟಿದ ಮನೆಯಲ್ಲೂ ಹೀಗೇ ಇದ್ದಿರಬೇಕು, ಆಕೆಯೂ ಪಿಂಜಾರರ ಮಗಳೇ. ಆದರೆ ಗಂಡ ಹೋಟೆಲ್ ಕೆಲಸ ಸೇರಿದ ಮೇಲೆ ಹತ್ತಿಯ ಹೆಸರು ಆಕೆಯ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ.

"ಫ್ಯಾನ್ ತರೋಣು" ಎಂದೆ ಹೊಸ್ತಿಲಲ್ಲೇ.

ಅಮೀರಸಾಬ ಹೊಲಿಯುತ್ತಿದ್ದ ಗಾದಿಯಿಂದ ತಲೆಯೆತ್ತಿದರು. "ನೀರರೆ ಕುಡಿ ಮೊದಲು. ಈ ಚಾಳಿಗೆ ಲೈಟ್ ಬಂದದ್ದಽ ಹ್ವಾದ ವರ್ಷ. ಆಗಲೇ ಫ್ಯಾನಾ?"

ನಡೆದದ್ದೆಲ್ಲ ಹೇಳಿದೆ. ಮಗಳ ಕಣ್ಣು ತುಂಬಿದ್ದನ್ನೂ ಹೇಳಿದೆ. ಅವರು ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. ಆಮೇಲೆ, "ಆತು, ತರೋಣು. ಆದ್ರ ಹತ್ತಿ..." ಎಂದರು.

"ಹತ್ತಿ ಎಲ್ಲಾ ಸೋಮವ್ವನ ಮನ್ಯಾಗ ಇಡೋಣು!" ಎಂದು ಮಾತು ಮುಗಿಸಿಬಿಟ್ಟೆ.

ಸೋಮವ್ವ ನಮ್ಮ ಪಕ್ಕದ ಖೋಲಿಯವಳು, ಸಿಂದಗಿ ಕಡೆಯವಳು. ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡು ಆಗಲೇ ಬಾಗಿಲಿಗೆ ಬಂದಿದ್ದಳು. "ಅಜೀಜಕ್ಕಾ, ಫ್ಯಾನ್ ಯಾಕ್ ಬೇಕವಾ? ನಮ್ಮ ಊರಾಗ ಏನ್ ಮಾಡ್ತಿದ್ವಿ? ಕಿಡಕಿಗೆ ಹಸೀ ಗೋಣಿಚೀಲ ಕಟ್ಟಿದ್ರ ಮನಿ ಥಣ್ಣಗ ಆಗ್ತಿತ್ತು, ಹೌದಿಲ್ಲ?"

ಹೌದು ಎನಿಸಿತು. ಮರುದಿನವೇ ಗೋಣಿ ತೋಯಿಸಿ ಕಟ್ಟಿದೆವು. ಬೆಳಿಗ್ಗೆ ಇಬ್ಬರೂ ಅದರ ಮುಂದೆ ಕೂತು ಈಗ ಥಣ್ಣಗಾಯಿತು, ಈಗ ಆಯಿತು ಎಂದು ಕೈಯೊಡ್ಡಿದೆವು. ನಮ್ಮ ಕಡೆಯ ಗಾಳಿ ಒಣ ಗಾಳಿ, ಅದಕ್ಕೆ ನೀರು ಕುಡಿಸಿದರೆ ತಂಪು. ಮುಂಬೈಯ ಗಾಳಿ ಸಮುದ್ರದಿಂದಲೇ ಹೊಟ್ಟೆ ತುಂಬ ನೀರು ಕುಡಿದು ಬರುವಂಥದ್ದು, ಅದಕ್ಕೆ ನಮ್ಮ ಗೋಣಿ ಯಾವ ಲೆಕ್ಕ? ಸಂಜೆಯ ಹೊತ್ತಿಗೆ ಖೋಲಿಯಲ್ಲಿ ಕಡಬು ಬೇಯಿಸಬಹುದಿತ್ತು. ಹತ್ತಿಯೆಲ್ಲ ತೇವ ಹಿಡಿದು ಅಮೀರಸಾಬರು ಹೌಹಾರಿದರು. ಸೋಮವ್ವ ತನ್ನ ಗೋಣಿ ಬಿಚ್ಚಿಕೊಂಡು ಹೋದಳು. ಅಲ್ಲಿಗೆ ಫ್ಯಾನೇ ಎಂದು ಪಕ್ಕಾ ಆಯಿತು.

ಸ್ಟೇಶನ್ನಿನ ಹತ್ತಿರದ ಬಿಜಲಿ ಸಾಮಾನಿನ ಅಂಗಡಿಗೆ ನಾವಿಬ್ಬರು, ಸೋಮವ್ವ, ಆಕೆಯ ಗಂಡ ಚಂದ್ರಾಮ ಹೀಗೆ ನಾಲ್ಕು ಮಂದಿ ಮದುವೆಯ ಬಟ್ಟೆಗೆ ಹೋದ ಹಾಗೆ ಹೋದೆವು. ಚಂದ್ರಾಮ ಒಂದು ಕಾರಖಾನೆಯಲ್ಲಿ ವೈರಮನ್, ಹಾಗಾಗಿ ಅವನು ಬೇಕೇ ಬೇಕು. ದುಡ್ಡಿನ ಮಾತು ಬಿಡಿ, ಅದು ಹೇಗೋ ಆಯಿತು. ನನ್ನ ಕಣ್ಣಿಗೆ ಬಿದ್ದದ್ದು ಆ ಅಂಗಡಿ! ಮೇಲೆ ಸಾಲಾಗಿ ತೂಗುವ ಫ್ಯಾನುಗಳು, ಕೆಳಗೆ ಮೇಜಿನ ಮೇಲಿಡುವವು, ಮೂಲೆಯಲ್ಲಿ ಒಂದೇ ಕಾಲಿನ ಮೇಲೆ ನಿಲ್ಲುವಂಥದ್ದು. ಶೇಠ ಎಲ್ಲವನ್ನೂ ಒಮ್ಮೆಗೇ ಹಚ್ಚಿದ. ನನ್ನ ಸೆರಗು ಹಾರಿತು. ಸೋಮವ್ವ ಅಯ್ಯೋ ಅಯ್ಯೋ ಎನ್ನುತ್ತ ನಕ್ಕಳು. ಅಲ್ಲೇ ಒಂದು ಚಾಪೆ ಹಾಸಿಕೊಂಡು ಮಲಗಿಬಿಡೋಣ ಎನಿಸಿತು.

ಅಮೀರಸಾಬರ ಮನಸ್ಸು ಮೇಜಿನ ಫ್ಯಾನಿನ ಮೇಲೆ ಕೂತಿತ್ತು. ಅದು ಅತ್ತ ಇತ್ತ ಮುಖ ತಿರುಗಿಸುತ್ತ ಗಾಳಿ ಕೊಡುತ್ತಿತ್ತು.

"ಇದು ಚಲೋ. ಬೇಕಾದ ಕಡೆ ತಿರವಬಹುದು, ಬ್ಯಾಡಾದ ಕಡೆ ಬಿಡಬಹುದು. ಹತ್ತಿ ಕಡೆ..."

"ಆ ಫ್ಯಾನ್ ನೋಡ್ರಿ, ಬ್ಯಾಡ ಬ್ಯಾಡ ಅಂತ ಗೋಣ ಅಳ್ಳಾಡಸಾಕ್ಹತ್ತೈತಿ. ಮಗಳನ್ನ ಕರಕೊಂಡು ಬರೂ ಮನ್ಯಾಗ ಇಂಥಾದ್ದು ಬ್ಯಾಡ."

"ಮ್ಯಾಲಿನ ಫ್ಯಾನ್ ಪತ್ರಾದ ಬಿಸಿನಽ ತಂದು ತಲಿ ಮ್ಯಾಲ ಸುರೀತೈತಿ, ನೋಡು ಮತ್ತ."

"ಸುರೀಲಿ. ಮೇಜಿನ ಫ್ಯಾನ್ ಇಡಾಕ ನಮ್ಮ ಮನ್ಯಾಗ ಮೇಜರೆ ಎಲ್ಲೈತಿ? ನೆಲದ ಮ್ಯಾಲ ಇಟ್ರ ಬಾಣಂತಿ ಎಲ್ಲಿ ಮಲಗಬೇಕು, ಕೂಸು ಎಲ್ಲಿ ಮಲಗಬೇಕು?"

ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಇದ್ದದ್ದು ಇನ್ನೊಂದು. ಬೀಗತಿಯ ಮನೆಯಲ್ಲಿ ಇರುವುದು ಮೇಲೆ ತೂಗುವ ಫ್ಯಾನು, ಅದೂ ಕಂದು ಬಣ್ಣದ್ದು. ನಮ್ಮದೂ ಮೇಲೆಯೇ ತೂಗಬೇಕು, ಆದರೆ ಹಾಲಿನಂಥ ಬಿಳಿ ಇರಬೇಕು. ಬಿಳಿಯದನ್ನೇ ತೆಗೆದುಕೊಂಡೆವು. ಹಾದಿಯುದ್ದಕ್ಕೂ ಚಂದ್ರಾಮ ರೆಕ್ಕೆಗಳನ್ನು ಹೆಗಲ ಮೇಲೆ ಹೊತ್ತು ಮುಂದೆ, ನಾವು ಹಿಂದೆ. ಚಾಳಿನವರೆಲ್ಲ ಕಟ್ಟೆಗೆ ಬಂದು ನಿಂತು ನೋಡಿದರು. ನಾನು ಯಾರ ಕಡೆಗೂ ನೋಡದವಳ ಹಾಗೆ ಎಲ್ಲರನ್ನೂ ನೋಡಿದೆ.

ಶನಿವಾರ ಚಂದ್ರಾಮ ಅಟ್ಟದ ಪಕ್ಕದ ತೊಲೆಗೆ ಫ್ಯಾನು ತೂಗುಹಾಕಿ, ಗೋಡೆಗೆ ಬಟನ್ನೂ ರೆಗ್ಯುಲೇಟರೂ ಕೂಡಿಸಿದ. "ಅಕ್ಕಾ, ಒಮ್ಮಿ ಹಚ್ಚಿ ನೋಡೋಣು" ಎಂದ.

"ಮುಟ್ಟಬ್ಯಾಡ!" ಎಂದು ಅಡ್ಡ ಬಂದೆ. "ಮೊದಲನೇ ಗಾಳಿ ಬೀಗತಿ ಕೈಲೆ. ನಾಳಿ ನೋಡಾಕ ಬರ್ತಾಳ, ಆಕಿನಽ ಬಟನ್ ಒತ್ತಬೇಕು, ಆಕೀ ಮ್ಯಾಲಽ ಗಾಳಿ ಬೀಳಬೇಕು. ನಾವು ಮನಿ ಒಳಗ ಎಂಥಾ ಮಾನ ಕೊಡ್ತೀವಿ ಅನ್ನೂದು ಆಕಿಗೆ ತಿಳೀಬೇಕು."

ಚಂದ್ರಾಮ ಟೆಸ್ಟರ್ ಹಚ್ಚಿ ಕರೆಂಟು ಬರುತ್ತದೆ ಎಂದಷ್ಟೇ ನೋಡಿ ಹೋದ. ಆಮೇಲೆ ನಾನು ಮನೆಯನ್ನು ತಿಕ್ಕಿದ ಪರಿ ಕೇಳಬೇಡಿ. ಗಿರಾಕಿಗಳ ಹತ್ತಿ ಚೀಲಗಳೆಲ್ಲ ಸೋಮವ್ವನ ಖೋಲಿಗೆ ಹೋದವು. ನೆಲ, ಗೋಡೆ, ಕಿಟಕಿ ಎಲ್ಲ ಒರೆಸಿದೆ. ಏಣಿ ತಂದು ಅಟ್ಟವನ್ನೂ ಜಾಡಿಸೋಣ ಎಂದು ಹೊರಟಾಗ ಅಮೀರಸಾಬ ಏಣಿ ಕಸಿದುಕೊಂಡರು. "ಅಟ್ಟ ನಾ ನೋಡಕೋತೀನಿ. ನೀ ಹತ್ತಬ್ಯಾಡ" ಎಂದರು. ನಾನು ಎಲ್ಲಿ ಬಿದ್ದೇನೋ ಎಂಬ ಕಾಳಜಿಗೆ ಹೇಳಿದರೆಂದು ಖುಷಿಯಾಯಿತು.

ಭಾನುವಾರ ಮಧ್ಯಾಹ್ನ ನೂರಜಹಾನ ಬಂದಳು, ಕಪ್ಪು ಜರಿ ಸೀರೆಯುಟ್ಟು, ಕನ್ನಡಕ ಹಾಕಿಕೊಂಡು. ಹಿಂದೆ ಹಲೀಮಾ. ಮಗಳ ಕೈಯಲ್ಲಿ ಅವಳ ಬಟ್ಟೆಯ ಗಂಟು ಇದ್ದದ್ದನ್ನು ಕಂಡು ನನ್ನ ಎದೆ ಕುಣಿಯಿತು. ಪತ್ರಾ ಕಾದು ಚಟಚಟ ಎನ್ನುತ್ತಿತ್ತು. ನೂರಜಹಾನ ಒಳಗೆ ಬಂದದ್ದೇ ಸೆರಗಿನಿಂದ ಮುಖ ಒರೆಸಿಕೊಂಡು ಮೇಲೆ ನೋಡಿದಳು.

"ಬೆಳ್ಳಗೈತಿ" ಎಂದಳು. ಅಷ್ಟೇ. ಆದರೆ ಎರಡು ಸಲ ನೋಡಿದಳು, ನಾನು ಕಂಡೆ.

ಚಾಪೆಯ ಮೇಲೆ ಹೊಸ ಚಾದರ ಹಾಸಿ ಕೂರಿಸಿದೆ. ಶರಬತ್ತು ಕೊಟ್ಟೆ. ಸೋಮವ್ವ, ಚಂದ್ರಾಮ ಬಾಗಿಲಲ್ಲಿ. ಅಮೀರಸಾಬ ಮಾತ್ರ ನಿಂತಲ್ಲಿ ನಿಲ್ಲದೆ ಅಟ್ಟವನ್ನು ನೋಡುತ್ತ, ನನ್ನನ್ನು ನೋಡುತ್ತ ಒದ್ದಾಡುತ್ತಿದ್ದರು. "ಏ ಕೇಳಿಲ್ಲಿ, ಸ್ವಲ್ಪ ತಡೀತಿ? ಒಂದು ಮಾತು..." ಎಂದರು.

"ಮಾತು ಆಮ್ಯಾಲ. ಬೀಗತೇರ, ಏಳ್ರಿ. ನಿಮ್ಮ ಕೈಲೆ ಆಗಬೇಕು."

"ಅಲ್ಲ, ನಾ ಏನಂತೀನಂದ್ರ..."

"ಏನ್ರೀ ನಿಮ್ಮದು! ಸುಮ್ಮನಿರ್ರಿ ಒಂದು ಗಳಿಗಿ!"

ಈಗ ಎಲ್ಲರೂ ನನ್ನನ್ನೇ ಅನ್ನುತ್ತಾರೆ. ಹೇಳಬೇಕಾದ ಗಂಡಸು ಜೋರಾಗಿ ಹೇಳಬೇಕಿತ್ತು, ಗೊಣಗಿದರೆ ಯಾರಿಗೆ ಕೇಳಿಸುತ್ತದೆ? ನೂರಜಹಾನ ಬಿಸ್ಮಿಲ್ಲಾ ಎಂದು ಬಟನ್ ಒತ್ತಿದಳು. ನಾನು ರೆಗ್ಯುಲೇಟರನ್ನು ಒಮ್ಮೆಗೇ ಕೊನೆಯವರೆಗೆ ತಿರುಗಿಸಿದೆ.

ಫ್ಯಾನು ಒಂದು ಸಲ ನರಳಿ, ಮೆಲ್ಲಗೆ ಎದ್ದು, ಆಮೇಲೆ ಗರಗರ ಎಂದು ತಿರುಗಿತು. ಗಾಳಿ ಬಂತು! ನಾನು ಚಪ್ಪಾಳೆ ತಟ್ಟಿದೆ. ಸೋಮವ್ವ "ಬಂತವಾ ಬಂತು" ಎಂದು ಕೂಗಿದಳು. ಅಷ್ಟರಲ್ಲಿ ಅಟ್ಟದ ಅಂಚಿನಿಂದ ಒಂದು ಬಿಳಿ ಎಳೆ ಇಳಿಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ, ಅಯ್ಯೋ ನನ್ನ ದೇವರೇ, ಇಡೀ ಅಟ್ಟವೇ ಇಳಿಯಿತು. ಹಿಂಜಿಟ್ಟ ಹತ್ತಿ, ಉಸಿರಿಗೇ ಹಾರುವಷ್ಟು ಹಗುರ ಹತ್ತಿ, ರಾಶಿ ರಾಶಿಯಾಗಿ ಬಂದು ರೆಕ್ಕೆಗೆ ಬಡಿದು ಖೋಲಿಯ ತುಂಬ ಹಾರಿತು. ಶರಬತ್ತಿನಲ್ಲಿ ಹತ್ತಿ, ಬಾಯಲ್ಲಿ ಹತ್ತಿ, ಮೂಗಿನಲ್ಲಿ ಹತ್ತಿ. ಎದುರು ನಿಂತವರು ಕಾಣದ ಹಾಗಾಯಿತು. ಬಟನ್ ಎಲ್ಲಿ ಎಂದು ನಾನು ಗೋಡೆ ತಡವುತ್ತಿದ್ದೆ. ಚಂದ್ರಾಮ ನುಗ್ಗಿ ಬಂದು ಆರಿಸಿದ.

ಫ್ಯಾನು ನಿಂತ ಮೇಲೂ ಹತ್ತಿ ನಿಧಾನವಾಗಿ ಬೀಳುತ್ತಲೇ ಇತ್ತು. ನೂರಜಹಾನಳ ಕಪ್ಪು ಸೀರೆ ಪೂರಾ ಬಿಳಿ. ಕನ್ನಡಕದ ಎರಡೂ ಗಾಜಿನ ಮೇಲೆ ಹತ್ತಿ. ಕೆಮ್ಮುತ್ತ ನಿಂತಿದ್ದಳು.

ಮುಗಿಯಿತು. ಮಗಳು ಈಗ ಗಂಟು ತೆಗೆದುಕೊಂಡು ಆಕೆಯ ಹಿಂದೆ ಇಳಿದು ಹೋಗುತ್ತಾಳೆ, ಬಾಣಂತನ ಸಾಂತಾಕ್ರೂಜಿನಲ್ಲಿ, ನಾನು ಇಲ್ಲಿ ಈ ಬಿಳಿ ಫ್ಯಾನಿನ ಕೆಳಗೆ. ಬಂದ ಅಳುವನ್ನೆಲ್ಲ ಗಂಡನ ಮೇಲೆ ತಿರುಗಿಸಿದೆ. "ಅಟ್ಟ ನಾ ನೋಡಕೋತೀನಿ ಅಂದಿದ್ರಿ! ಅಟ್ಟದ ಮ್ಯಾಲ ಇದ್ಯಾರ ಹತ್ತಿ? ಯಾವ ಗಿರಾಕೀದು? ಹೇಳ್ರಿ, ಈಗ ಹೇಳ್ರಿ!"

ಅಮೀರಸಾಬ ನೆಲ ನೋಡುತ್ತ ನಿಂತರು.

ಉತ್ತರ ಬಂದದ್ದು ನೂರಜಹಾನಳಿಂದ. ಕನ್ನಡಕ ತೆಗೆದು, ಭುಜದ ಮೇಲಿನ ಒಂದು ಎಳೆ ಹತ್ತಿಯನ್ನು ಬೆರಳ ನಡುವೆ ಹಿಡಿದು ತೀಡಿ ನೋಡುತ್ತಿದ್ದಳು. ಇನ್ನೊಮ್ಮೆ ತೀಡಿದಳು. "ಅವರಿಗೆ ಬೈಬ್ಯಾಡ್ರಿ ಬೀಗತೇರ. ಅವರು ಹೇಳೂಹಂಗಿಲ್ಲ" ಎಂದಳು. ದನಿ ಬೇರೆಯಾಗಿತ್ತು. "ಇದು ಗಿರಾಕಿ ಹತ್ತಿ ಅಲ್ಲ. ಹೊಸಾ ಹತ್ತಿ. ಮೂರ ಮೂರ ಸರ್ತಿ ಹಿಂಜ್ಯಾರ. ಇದು ಕೂಸಿನ ಗಾದೀದು."

ಆಗ ನನಗೆ ಹೊಳೆಯಿತು, ನಾಲಿಗೆ ಕಚ್ಚಿಕೊಂಡೆ. ಚೊಚ್ಚಲ ಕೂಸಿನ ಗಾದಿಗೆ ತಾಯಿಯ ತಂದೆಯೇ ಹತ್ತಿ ಹಿಂಜಿಡಬೇಕು. ಕೂಸು ಹುಟ್ಟುವವರೆಗೆ ಅದನ್ನು ಯಾರಿಗೂ ತೋರಿಸಬಾರದು, ಬಾಯಿಬಿಟ್ಟು ಹೇಳಲೂಬಾರದು, ಹೆಂಡತಿಗೂ ಸಹ. ನಮ್ಮ ಪಿಂಜಾರರಲ್ಲಿ ಇದು ಹಿಂದಿನಿಂದ ಬಂದದ್ದು. ನಾನು ಸಾಂತಾಕ್ರೂಜಿಗೆ ಹೋದ ಹೊತ್ತು, ಬಜಾರಿಗೆ ಹೋದ ಹೊತ್ತು ನೋಡಿ ನೋಡಿ ಆ ಮನುಷ್ಯ ಹಿಂಜಿ ಅಟ್ಟದಲ್ಲಿ ಬಚ್ಚಿಟ್ಟಿದ್ದರು, ನನ್ನ ಕಣ್ಣೆದುರು ಇಳಿಸಿಕೊಳ್ಳಲಾಗಿರಲಿಲ್ಲ. ಫ್ಯಾನಿನ ಹುಚ್ಚಿನಲ್ಲಿ ನನಗೆ ಅದರ ನೆನಪೇ ಇರಲಿಲ್ಲ.

ನೂರಜಹಾನ ಹತ್ತಿಯ ನಡುವೆ ಹಾಗೆಯೇ ನೆಲದ ಮೇಲೆ ಕೂತಳು. "ನಿಜಾಮ ಹುಟ್ಟೂ ಮುಂದ ನಮ್ಮಪ್ಪನೂ ಹಿಂಗಽ. ಜೋಳದ ಕಣಜದಾಗ ಮುಚ್ಚಿಟ್ಟಿದ್ದ. ನಮ್ಮವ್ವ ಜೋಳ ತಗ್ಯಾಕ ಹೋಗಿ ಕೈ ಹಾಕಿದ್ಲು..." ನಗತೊಡಗಿದಳು. ನಗುತ್ತ ನಗುತ್ತ ಅತ್ತಳು. ಹಲೀಮಾ ಓಡಿ ಬಂದು ಪಕ್ಕದಲ್ಲಿ ಕೂತು ಅತ್ತೆಯ ತಲೆಯ ಹತ್ತಿ ಆರಿಸತೊಡಗಿದಳು.

"ಹುಡುಗಿ ಇಲ್ಲೇ ಇರ್ಲಿ" ಎಂದಳು ನೂರಜಹಾನ. "ಪತ್ರಾದ ಮಾತು ಸುಮ್ಮನ ಅಂದಿದ್ದೆ. ನಾನೂ ಪತ್ರಾದ ಕೆಳಗಽ ಹಡದಾಕಿ. ಆದ್ರ ಇಕಿ ಇಲ್ಲಂದ್ರ ಆ ಮನ್ಯಾಗ ನಾ ಯಾರನ್ನ ಕರೀಲಿ ಹೇಳ್ರಿ? ನಿಜಾಮ ಡ್ಯೂಟಿಗೆ ಹ್ವಾದ್ರ ಆ ಫ್ಯಾನು, ನಾನು, ಇಬ್ಬರಽ. ಅದು ತಿರಗತೈತಿ, ನಾ ನೋಡಕೋತ ಕುಂಡ್ರತೀನಿ."

ನೀರು ತಾ, ಬಾಗಿಲ ಸರಿಸು, ಎಲ್ಲಿ ಹೋದಿ, ಇಲ್ಲೇ ಕುಂಡ್ರು. ಅವತ್ತು ಕೇಳಿದ ಆ ಮಾತುಗಳೆಲ್ಲ ಕಿವಿಯಲ್ಲಿ ಮತ್ತೆ ಕೇಳಿಸಿದವು. ಇಷ್ಟು ದಿನ ಯಾರ ಮೇಲೆ ಹಲ್ಲು ಮಸೆದಿದ್ದೆ ನಾನು!

"ಮತ್ತ ಮೊದಲಽ ಹೇಳಬಾರದಾ?" ಎಂದು ಗದರಿದೆ. "ಫ್ಯಾನಿನ ಸುದ್ದಿ ಯಾಕ ಬೇಕಾಗಿತ್ತು? ನಾನೂ ಬರ್ತೀನಿ ಅಂದಿದ್ರ ಮುಗೀತಿತ್ತು!"

"ನಿಮ್ಮ ಸಿಟ್ಟಿನ ಮುಂದ ಯಾರ್ ಹೇಳ್ತಾರ್ರೀ?" ಎಂದಳು ಆಕೆ, ಮೂಗು ಒರೆಸಿಕೊಳ್ಳುತ್ತ.

ಮೊದಲು ನಕ್ಕವರು ಅಮೀರಸಾಬ. ಅವರ ಹಿಂದೆ ಹಲೀಮಾ, ಬಾಗಿಲಲ್ಲಿ ನಿಂತ ಸೋಮವ್ವ, ಚಂದ್ರಾಮ, ಎಲ್ಲರೂ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಗು ಮುಗಿದ ಮೇಲೆ ಅಮೀರಸಾಬ ಬಗ್ಗಿ ಹತ್ತಿ ಗುಡ್ಡೆ ಮಾಡತೊಡಗಿದರು. "ಎಲ್ಲಾರೂ ನೋಡಿದ್ರಿ, ಇನ್ನ ಮುಚ್ಚಿಡೂದು ಏನೈತಿ? ಮಣ್ಣು ಹತ್ತೇತಿ, ಮತ್ತೊಮ್ಮಿ ಹಿಂಜಿ ಒಂದು ಸಣ್ಣ ಗಾದಿ ಹೊಲೀತೀನಿ" ಎಂದು ಬಿಲ್ಲಿಗೆ ಕೈಹಾಕಿದರು.

"ಒಂದಲ್ಲ, ಎರಡು ಹೊಲೀರಿ" ಎಂದೆ. "ಒಂದು ಸಣ್ಣದು, ಒಂದು ದೊಡ್ಡದು. ಬಾಣಂತನ ಮುಗಿಯೂತನಕ ಬೀಗತೇರು ಬರೀ ಚಾಪಿ ಮ್ಯಾಲ ಮಲಗ್ತಾರೇನು?"

ನೂರಜಹಾನ ನನ್ನ ಮುಖ ನೋಡಿದಳು. ಎದ್ದಳು. ಜರಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಬಿಲ್ಲು ಸದ್ದು ಮಾಡುವ ಮೊದಲೇ, ಯಾರೂ ಹೇಳದೆಯೇ ಹೋಗಿ ಕಿಟಕಿ ಮುಚ್ಚಿದಳು.